ಪ್ಲಾಟಿನಂ ಬಿಲ್ಲೆಗಳ ಊರಿನಲ್ಲಿ ಮೂರು ವಾರ

ಹರಿಹರದಿಂದ ಹೊರಟ ನಮ್ಮಿಬ್ಬರಲ್ಲಿ ಜರ್ಮನ್ ಬರುತ್ತಿದ್ದವನು ನಾನೊಬ್ಬನೇ. ಈ ಪ್ರವಾಸದ ಒಳ್ಳೆಯದೂ ಕೆಟ್ಟದ್ದೂ ಅಷ್ಟರಿಂದಲೇ ಹುಟ್ಟಿದವು.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಹಿಂದೆ ಧಾರವಾಡದಲ್ಲಿ ಲೋಹಗಳ ಸ್ಫಟಿಕ ರಚನೆಯ ಮೇಲೆ ಸಂಶೋಧನೆಗೆ ಕೂತು, ಅರ್ಧಕ್ಕೆ ಬಿಟ್ಟು ಬಂದಿದ್ದೆ. ಆ ಅರ್ಧದಿಂದ ಕೈಗೆ ಉಳಿದದ್ದು ಜರ್ಮನ್ ಭಾಷೆ ಒಂದೇ. ಹಳೆಯ ಲೇಖನಗಳನ್ನು ಓದಲೆಂದು ಎರಡು ವರ್ಷ ಸಂಜೆ ತರಗತಿಗೆ ಹೋಗಿ ಕಲಿತದ್ದು. ತೊಂಬತ್ತೆಂಟರ ಮಳೆಗಾಲ ಮುಗಿಯುವ ಹೊತ್ತಿಗೆ ಹರಿಹರದ ಒಂದು ಕಾರ್ಖಾನೆಯವರು ಜರ್ಮನಿಯಿಂದ ಒಂದು ಯಂತ್ರ ತರಿಸಲು ಹೊರಟರು. ಡ್ರಿಲ್‌ಗಳ ಮೈಗೆ ಟೈಟಾನಿಯಂ ನೈಟ್ರೈಡಿನ ತೆಳ್ಳನೆಯ ಪದರ ಕೂರಿಸುವ ಯಂತ್ರ. ಬಂಗಾರದ ಬಣ್ಣ ಬರುತ್ತದೆ, ಬಾಳಿಕೆ ನಾಲ್ಕು ಪಟ್ಟು ಬರುತ್ತದೆ ಎಂದು ಅವರ ಮಾತು. ಅದನ್ನು ಕಲಿತು ಬರಲು ಆರಿಸಿದ್ದು ಈರಣ್ಣನವರನ್ನು. ಕಡರನಾಯಕನಹಳ್ಳಿಯವರು, ಮೂವತ್ತೊಂದು ವರ್ಷ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ಲೋಹದ ಗಟ್ಟಿತನ ನೋಡಿದವರು. ಅವರ ಇಂಗ್ಲಿಷ್ ಅಳತೆಗಳಲ್ಲಿ ಮುಗಿಯುತ್ತಿತ್ತು. ಅವರ ಜೊತೆಗೆ ದುಭಾಷಿಯಾಗಿ ನಾನು.

ನಾನು ದಿನಚರಿ ಬರೆಯುತ್ತೇನೆ. ನೆನಪನ್ನು ನಂಬುವುದಿಲ್ಲವಾದ್ದರಿಂದಲೇ ಬರೆಯುವುದು. ಹೀಗಿದ್ದೂ ಆ ಮೂರು ವಾರಗಳ ಒಂದು ಮಧ್ಯಾಹ್ನವನ್ನು ಒಂದು ವರ್ಷದ ಮಟ್ಟಿಗೆ ನನಗೆ ಬೇಕಾದಂತೆ ನೆನಪಿಟ್ಟುಕೊಂಡಿದ್ದೆ.

ಫ್ರಾಂಕ್‌ಫರ್ಟ್

ಇಲ್ಲಿ ಇಳಿದು ಇನ್ನೊಂದು ಸಣ್ಣ ವಿಮಾನ ಹಿಡಿಯಬೇಕಿತ್ತು. ತಪಾಸಣೆಯ ಕಮಾನಿನ ಕೆಳಗೆ ಈರಣ್ಣನವರು ಕಾಲಿಟ್ಟದ್ದೇ ತಡ, ಅದು ಕೂಗಿಕೊಂಡಿತು. ಗಡಿಯಾರ ತೆಗೆದರು, ಬೆಲ್ಟ್ ತೆಗೆದರು. ಮತ್ತೂ ಕೂಗಿತು. ಕಾವಲಿನವನು ಅವರ ಎದೆಯತ್ತ ಕೈ ಚಾಚಿದ. ಅಂಗಿಯೊಳಗೆ ಇದ್ದದ್ದು ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ.

ಈರಣ್ಣನವರು ಎರಡು ಹೆಜ್ಜೆ ಹಿಂದೆ ಸರಿದರು. "ಅದನ್ನ ಮುಟ್ಟಬ್ಯಾಡ ಅನ್ರಿ ಮೇಷ್ಟ್ರೇ. ಬೇಕಾದ್ರೆ ನಾನು ಬಿಚ್ಚಿ ತೋರ್ಸ್ತೀನಿ. ಮುಟ್ಟಿದ್ರೆ ಮಾತ್ರ ನಾನು ಇಲ್ಲಿಂದ್ಲೇ ವಾಪಸ್."

ನಾನು ಹೇಳಿದೆ: ಇದು ಅವರ ದೇವರು, ಹುಟ್ಟಿದಂದಿನಿಂದ ಮೈಮೇಲೇ ಇದೆ, ಬೇರೆಯವರು ಮುಟ್ಟುವಂತಿಲ್ಲ. ಕಾವಲಿನವನು ಒಂದು ಕ್ಷಣ ನನ್ನನ್ನೂ ಅವರನ್ನೂ ನೋಡಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದ. ಈರಣ್ಣನವರು ಕರಡಿಗೆ ಬಿಚ್ಚಿ ತೋರಿಸಿದರು. ಅವನು ತಲೆಯಾಡಿಸಿ ದಾರಿ ಬಿಟ್ಟ.

"ನೀವು ಇಲ್ದಿದ್ರೆ ನನ್ನ ಸ್ವಾಮಿ ಇಲ್ಲೇ ಉಳೀತಿದ್ದ ನೋಡ್ರಿ" ಎಂದರು ಈರಣ್ಣ, ಬೆಲ್ಟ್ ಕಟ್ಟಿಕೊಳ್ಳುತ್ತ. "ಇನ್ನ ಮೂರು ವಾರ ನನ್ನ ಬಾಯಿ ನೀವೇ. ಹುಷಾರಾಗಿ ಇಟ್ಕಳ್ರಿ."

ನಕ್ಕೆವು. ನನಗೆ ಹೆಮ್ಮೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಫ್ರೌ ಲೇಮಾನ್ ಅವರ ಅಡುಗೆಮನೆ

ನಾವು ಹೋದದ್ದು ಹಿಂದೆ ಪೂರ್ವ ಜರ್ಮನಿಗೆ ಸೇರಿದ್ದ ಸೀಮೆಯ ಒಂದು ಸಣ್ಣ ಊರು. ಅದರ ಹೆಸರು ಬರೆಯುವುದಿಲ್ಲ. ಮುಂದೆ ಓದಿದರೆ ಕಾರಣ ತಿಳಿಯುತ್ತದೆ. ಹೊಗೆ ನಿಂತ ಚಿಮಣಿಗಳು, ಕಿಟಕಿ ಒಡೆದ ಗಿರಣಿಗಳು. ನಮ್ಮೂರ ಹತ್ತಿ ಗಿರಣಿಗಳ ಕಡೆ ಅಡ್ಡಾಡಿದವರಿಗೆ ಆ ನೋಟ ಹೊಸದೇನಲ್ಲ. ಒಂದು ವ್ಯತ್ಯಾಸವೆಂದರೆ ಅಲ್ಲಿ ಮುಚ್ಚಿದ ಗಿರಣಿಯ ಅಂಗಳವನ್ನೂ ಯಾರೋ ಗುಡಿಸಿರುತ್ತಾರೆ.

ಊರಿಗೆ ಕಾಲಿಟ್ಟ ದಿನವೇ ರಸ್ತೆ ದಾಟುವಾಗ ಕೆಂಪು ದೀಪ ಬಿತ್ತು. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲ. ಆರು ಜನ ನಿಂತೇ ಇದ್ದರು.

"ಗಾಡಿನೇ ಇಲ್ಲ, ಯಾರಿಗೆ ಮರ್ಯಾದೆ ಕೊಡ್ತಾ ನಿಂತಾರೆ ಇವ್ರು?" ಎಂದರು ಈರಣ್ಣ. ಮಾತು ಮುಗಿಯುವ ಮೊದಲೇ ನಾನು ಅರ್ಧ ರಸ್ತೆ ದಾಟಿದ್ದೆ. ಹಿಂದಿನಿಂದ ಒಬ್ಬ ಅಜ್ಜಿ ಗದರಿದಳು. ಅವಳ ಮಾತು ಅರ್ಥವಾದದ್ದು ನನಗೊಬ್ಬನಿಗೇ; ಅದನ್ನು ಕನ್ನಡಕ್ಕೆ ತರಲಿಲ್ಲ. ಹಾಗೆ ನೋಡಿದರೆ, ಹೇಳದೆ ಬಿಡುವುದನ್ನು ನಾನು ಕಲಿತದ್ದು ಆ ರಸ್ತೆಯಲ್ಲೇ ಇರಬೇಕು.

ಫ್ರೌ ಲೇಮಾನ್, ಅಂದರೆ ಶ್ರೀಮತಿ ಲೇಮಾನ್, ಎಂಬ ಅರವತ್ತು ದಾಟಿದ ಹೆಂಗಸಿನ ಮನೆಯ ಮೇಲಂತಸ್ತಿನಲ್ಲಿ ನಮ್ಮ ವಾಸ. ಸಂಜೆ ಆರಕ್ಕೆ ಅವರು ಮರದ ಹಲಗೆಯ ಮೇಲೆ ಬ್ರೆಡ್ಡು, ಚೀಸು, ಉಪ್ಪಿನಲ್ಲಿಟ್ಟ ಸೌತೆಕಾಯಿ ತಂದಿಡುವರು. ಎಲ್ಲವೂ ತಣ್ಣಗೆ. ಒಲೆ ಹಚ್ಚದೆ ರಾತ್ರಿಯ ಊಟ ಮುಗಿಸುವುದನ್ನು ಈರಣ್ಣನವರಿಗೆ ಒಪ್ಪಲಾಗಲಿಲ್ಲ. "ಯಾರಾದ್ರೂ ತೀರ್ಕಂಡಾರೇನ್ರಿ ಈ ಮನ್ಯಾಗೆ?" ಎಂದು ಮೊದಲ ದಿನ ನನ್ನ ಕಿವಿಯಲ್ಲಿ ಕೇಳಿದರು. ಆಮೇಲೆ ಚೀಲ ಬಿಚ್ಚಿ ಕಟಕಲು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದು ಮೇಜಿನ ನಡುವೆ ಇಟ್ಟರು. ಫ್ರೌ ಲೇಮಾನ್ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಮಾರನೆಯ ಸಂಜೆಯಿಂದ ಹಲಗೆಯ ಮೇಲೆ ರೊಟ್ಟಿಗೆಂದು ಜಾಗ ಬಿಟ್ಟೇ ತರುತ್ತಿದ್ದರು.

ಒಂದು ಸಂಜೆ ನಾನು ಅವರಿಗೆ, ನನ್ನ ಪಾಸ್‌ಪೋರ್ಟಿನಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿದೆ, ಈಗ ದಾವಣಗೆರೆಯೇ ಜಿಲ್ಲೆಯಾಗಿದೆ, ಮನೆಯಲ್ಲಿ ಕೂತಿದ್ದಂತೆಯೇ ನಮ್ಮ ಜಿಲ್ಲೆ ಬದಲಾಯಿತು ಎಂದು ಹೇಳಿದೆ.

"ನನ್ನ ದೇಶವೇ ಬದಲಾಯಿತು" ಎಂದರು ಅವರು. "ಆಗ ನಾನು ಇದೇ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ."

ಇದನ್ನು ಕನ್ನಡದಲ್ಲಿ ಹೇಳಿದಾಗ ಈರಣ್ಣನವರು ಎದ್ದು ಹೋಗಿ, ಒರೆಸದೆ ಉಳಿದಿದ್ದ ಎರಡು ತಟ್ಟೆ ಒರೆಸಿಟ್ಟರು.

ವರ್ಕ್‌ಶಾಪಿನಲ್ಲಿ ಮೊದಲ ವಾರ

ಯಂತ್ರ ತಯಾರಿಸುವವರ ವರ್ಕ್‌ಶಾಪಿನಲ್ಲೇ ಈರಣ್ಣನವರ ಕಲಿಕೆ. ಅಲ್ಲಿ ಮಧ್ಯಾಹ್ನ ಹನ್ನೆರಡು ಹೊಡೆದರೆ ಎದುರಿಗೆ ಬಂದವರೆಲ್ಲ ಒಬ್ಬರಿಗೊಬ್ಬರು "ಮಾಲ್‌ತ್ಸೈಟ್" ಅನ್ನುತ್ತಾರೆ. ಊಟದ ಹೊತ್ತು ಎಂದರ್ಥ. ನಮ್ಮ "ಊಟ ಆತೇನ್ರಿ" ಇದ್ದ ಹಾಗೆ. ಉತ್ತರವನ್ನು ಮಾತ್ರ ಯಾರೂ ಕಾಯುವುದಿಲ್ಲ. ಈರಣ್ಣನವರು ಕಲಿತ ಮೊದಲ ಜರ್ಮನ್ ಮಾತು ಇದು. ಬೆಳಿಗ್ಗೆ ಎಂಟಕ್ಕೂ ಅದನ್ನೇ ಹೇಳಿ ಎಲ್ಲರನ್ನೂ ನಗಿಸಿದರು.

ಅವರ ಕೈಗುಣ ಅಲ್ಲಿಯ ಮೇಸ್ತ್ರಿಗೆ ಬೇಗ ತಿಳಿಯಿತು. ಒಂದು ದಿನ ಹದ ಕೊಟ್ಟ ಉಕ್ಕಿನ ತುಂಡನ್ನು ಮೇಜಿನ ಮೇಲಿಟ್ಟು ಅರವತ್ತೆರಡು ಎಂದ. ಗಟ್ಟಿತನದ ಅಂಕಿ ಅದು. ಈರಣ್ಣನವರು ಜೇಬಿನಿಂದ ಲೋಹ ಉಜ್ಜುವ ತಮ್ಮ ಹಳೆಯ ಅರ ತೆಗೆದು ತುಂಡಿನ ಅಂಚಿಗೆ ಒಂದೇ ಸಲ ಎಳೆದರು. ತಲೆ ವಾರೆ ಮಾಡಿ ಆ ಸದ್ದು ಕೇಳಿದರು. "ಅರವತ್ತೆರಡು ಇಲ್ಲ ಅನ್ರಿ. ಅರವತ್ತರ ಮ್ಯಾಲೆ ಹೋಗಂಗಿಲ್ಲ." ನಾನು ಹೇಳಿದೆ. ಯಂತ್ರಕ್ಕೆ ಕೊಟ್ಟು ನೋಡಿದರು. ಅರವತ್ತು. ಮೇಸ್ತ್ರಿ ಈರಣ್ಣನವರ ಬೆನ್ನಿಗೆ ಗುದ್ದಿದ ರಭಸಕ್ಕೆ ಅವರ ಕನ್ನಡಕ ಜಾರಿತು.

ಆ ವಾರ ಅವರಾಡಿದ ಒಂದೊಂದು ಮಾತನ್ನೂ ದಾಟಿಸಿದೆ. ದಿನಚರಿಯಲ್ಲಿ ಸಾಕ್ಷಿಯಿದೆ.

ರಸ್ತೆಯಾಚೆಯ ಪ್ರಯೋಗಾಲಯ

ವರ್ಕ್‌ಶಾಪಿನ ಎದುರಿಗೇ ಒಂದು ಪ್ರಯೋಗಾಲಯವಿತ್ತು. ನಾನು ಭೌತಶಾಸ್ತ್ರದವನು ಎಂದು ತಿಳಿದು ಅಲ್ಲಿಯ ಮುಖ್ಯಸ್ಥರು ನಮ್ಮಿಬ್ಬರನ್ನೂ ಕರೆದರು. ಕಾಟ್ರಿನ್ ಎಂಬ ಸಂಶೋಧಕಿ ಅಲ್ಲಿದ್ದಳು. ಮೂವತ್ತರ ಆಸುಪಾಸು, ಯಾವಾಗಲೂ ತೋಳು ಮಡಚಿದ ಸ್ವೆಟರ್. ಅವಳ ತಂದೆ ಅದೇ ಊರಿನ ಮುಚ್ಚಿದ ಗಿರಣಿಯಲ್ಲಿ ಕೆಲಸ ಕಳೆದುಕೊಂಡವರು.

ಅವಳ ಕೆಲಸವನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುವಂತೆ ಹೇಳುತ್ತೇನೆ. ಮಂಡಿಪೇಟೆಯ ಅಂಗಡಿಯಲ್ಲಿ ಉಂಡೆಬೆಲ್ಲ ಪೇರಿಸಿದ್ದನ್ನು ನೋಡಿರುತ್ತೀರಿ. ಎಷ್ಟೇ ಒತ್ತಾಗಿ ಪೇರಿಸಿದರೂ ಉಂಡೆಗಳ ನಡುವೆ ಸಂದು ಉಳಿಯುತ್ತದೆ. ಲೋಹದ ಪರಮಾಣುಗಳೂ ಹೀಗೇ ಸಾಲುಗಟ್ಟಿ ಕೂರುತ್ತವೆ. ಟೈಟಾನಿಯಮ್ಮಿನಲ್ಲಿ ಆ ಸಂದುಗಳಿಗೆ ನೈಟ್ರೋಜನ್ ಹೊಕ್ಕು ಕೂತರೆ ಸಾಲುಗಳು ಜಾರುವುದು ನಿಲ್ಲುತ್ತದೆ, ಲೋಹ ಬಲು ಗಟ್ಟಿಯಾಗುತ್ತದೆ. ಡ್ರಿಲ್ಲಿನ ಮೇಲಿನ ಬಂಗಾರದ ಬಣ್ಣ ಅದೇ. ಆದರೆ ಪ್ಲಾಟಿನಂ, ಚಿನ್ನದಂಥ ಶ್ರೇಷ್ಠ ಲೋಹಗಳು ಯಾರ ಜೊತೆಗೂ ಸುಲಭಕ್ಕೆ ಬೆರೆಯುವುದಿಲ್ಲ. ಅವುಗಳೊಳಗೆ ನೈಟ್ರೋಜನ್ ಹೊಗುತ್ತದೆಯೇ? ಹೊಕ್ಕರೆ ಎಲ್ಲಿ ಕೂರುತ್ತದೆ? ಕೂತರೆ ಪ್ಲಾಟಿನಮ್ಮೂ ಗಟ್ಟಿಯಾಗುತ್ತದೆಯೇ? ನಾನು ಬಲ್ಲಂತೆ ಆಗ ಇದಕ್ಕೆ ಯಾರಲ್ಲೂ ಖಚಿತ ಉತ್ತರವಿರಲಿಲ್ಲ. ಕಾಟ್ರಿನ್ ನಾಲ್ಕು ವರ್ಷದಿಂದ ಅದನ್ನೇ ಹುಡುಕುತ್ತಿದ್ದಳು.

ನೈಟ್ರೋಜನ್ ತುಂಬಿದ ಪೆಟ್ಟಿಗೆಯಲ್ಲಿ ಪ್ಲಾಟಿನಮ್ಮನ್ನು ಆವಿಯಂತೆ ಹಾರಿಸಿ, ವರ್ಕ್‌ಶಾಪಿನಿಂದ ಡಬ್ಬಿಯಲ್ಲಿ ಬರುವ, ನಾಣ್ಯದಷ್ಟಗಲದ ಉಕ್ಕಿನ ಬಿಲ್ಲೆಗಳ ಮೇಲೆ ಕೂರಿಸುತ್ತಿದ್ದಳು. ಪದರದ ದಪ್ಪ ತಲೆಗೂದಲಿನ ನೂರರಲ್ಲಿ ಒಂದು ಪಾಲೂ ಇಲ್ಲ. ಜೊತೆಗಿಟ್ಟ ಗಾಜಿನ ಚೂರಿನ ಮೇಲೂ ಅದೇ ಪದರ ಕೂರುತ್ತಿತ್ತು. ಅದನ್ನು ಎಕ್ಸ್-ರೇಗೆ ಒಡ್ಡಿದಾಗ ಪರಮಾಣುಗಳ ಸಾಲು ತುಸು ಅಗಲವಾದದ್ದು ಕಂಡಿತ್ತು. ಒಳಗೆ ಏನೋ ಹೊಕ್ಕಿದೆ ಎಂಬ ಆಸೆ ಅಲ್ಲಿಂದ.

ಗಟ್ಟಿತನ ನೋಡುವುದು ಬಿಲ್ಲೆಗಳ ಮೇಲೆ. ವಜ್ರದ ಮೊನೆಯಿಂದ ಒತ್ತಿ, ಬಿದ್ದ ಗುರುತಿನ ಅಗಲವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುವುದು. ಪದರವನ್ನಷ್ಟೇ ತಾಗುವಷ್ಟು ಹಗುರಾಗಿ ಒತ್ತುವ ಯಂತ್ರ ಅವರಲ್ಲಿರಲಿಲ್ಲ. ಮೊನೆ ಪದರ ದಾಟಿ ಕೆಳಗಿನ ಉಕ್ಕನ್ನೂ ತಾಗುತ್ತಿತ್ತು. ಉಕ್ಕಿನ ಪಾಲನ್ನು ಸೂತ್ರ ಹಾಕಿ ಕಳೆಯುತ್ತಿದ್ದರು. ಹೀಗೆ ಕಳೆದ ಮೇಲೂ ಕೊನೆಯ ಎರಡು ಬಿಲ್ಲೆಗಳು ಹಿಂದಿನ ಎಲ್ಲಕ್ಕಿಂತ ಎಷ್ಟೋ ಪಟ್ಟು ಗಟ್ಟಿ ಎಂದು ತೋರಿಸಿದ್ದವು. ಇನ್ನು ಹತ್ತು ದಿನಕ್ಕೆ ದೊಡ್ಡ ಸಮ್ಮೇಳನ. ಅಲ್ಲಿ ಈ ಫಲಿತಾಂಶ ಹೇಳಿದರೆ ಅವಳ ಕೆಲಸ ಇನ್ನೆರಡು ವರ್ಷಕ್ಕೆ ಮುಂದುವರಿಯುತ್ತಿತ್ತು. ಇಲ್ಲವಾದರೆ ಡಿಸೆಂಬರಿಗೆ ಮುಗಿಯುತ್ತಿತ್ತು.

ಹನ್ನೊಂದನೆಯ ದಿನ

ಆ ಮಧ್ಯಾಹ್ನ ಕಾಟ್ರಿನ್ ಬಿಲ್ಲೆಗಳನ್ನು ಮಖಮಲ್ಲಿನ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ತೋರಿಸಿದಳು. ನಾನು ಮಾತಾಡಿದೆ. ಹದಿನೈದು ವರ್ಷದಿಂದ ಒಳಗೆ ಕೂತಿದ್ದ ಭೌತಶಾಸ್ತ್ರದ ಜರ್ಮನ್ ಒಮ್ಮೆಗೇ ಹೊರಬಂತು. ಪರಮಾಣುಗಳ ನಡುವಿನ ಸಂದು ಎರಡು ಬಗೆ, ನೈಟ್ರೋಜನ್ ದೊಡ್ಡದರಲ್ಲಿ ಕೂತಿದೆಯೋ ಸಣ್ಣದರಲ್ಲೋ ಎಂದು ಕೇಳಿದೆ. ಉಂಡೆಬೆಲ್ಲದ ಮಾತು ಅಲ್ಲಿ ಎತ್ತಲಿಲ್ಲ. ಪುಸ್ತಕದ ಪದಗಳನ್ನೇ ಬಳಸಿದೆ. ಮುಖ್ಯಸ್ಥರು ಒಳ್ಳೆಯ ಪ್ರಶ್ನೆ ಎಂದು ಹೇಳಿ ನನ್ನನ್ನು "ಹೆರ್ ಕೊಲೇಗ" ಎಂದು ಕರೆದರು. ನಮ್ಮ ಕಸುಬಿನವರೇ, ನಮ್ಮ ಸಮಾನರೇ ಎಂಬ ಹಾಗೆ. ಪಿಎಚ್.ಡಿ. ಬಿಟ್ಟ ದಿನದಿಂದ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಅಷ್ಟರಲ್ಲಿ ಈರಣ್ಣನವರು ಕಾಟ್ರಿನ್‌ಳ ಕಡೆ ನೋಡಿ, ಎತ್ತಲೇ ಎಂದು ಸನ್ನೆಯಲ್ಲಿ ಕೇಳಿ, ಬಿಲ್ಲೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಇಟ್ಟು ನೋಡುತ್ತಿದ್ದರು. ಕೊನೆಯ ಎರಡಕ್ಕೆ ಬಂದಾಗ ನಿಂತರು. ಒಂದು ಕೈಯಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು. ಕಣ್ಣು ಮುಚ್ಚಿದರು.

"ಮೇಷ್ಟ್ರೇ, ಇಲ್ಲಿ ಬರ್ರಿ. ಇವೆರಡು ಉಕ್ಕಲ್ಲ. ಕಾರ್ಬೈಡ್. ಉಕ್ಕಿಗಿಂತ ಭಾಳ ಗಟ್ಟಿ ಮಾಲು. ಭಾರ ನೋಡ್ರಿ, ಡಬಲ್ ಐತೆ. ಯಾರೋ ಡಬ್ಬಿ ಅದಲು ಬದಲು ಮಾಡ್ಯಾರೆ."

"ಆದರೇನು?" ಎಂದೆ.

"ಆದ್ರೇನು ಅಂದ್ರೆ? ತೆಳ್ಳನ್ನ ರೊಟ್ಟಿನ ಕಲ್ಲಿನ ಮ್ಯಾಲೆ ಹಾಸಿ ಬೆರಳಿಂದ ಒತ್ತಿದ್ರೆ ಗಟ್ಟಿ ಹತ್ತೋದು ರೊಟ್ಟಿದೋ ಕಲ್ಲಿಂದೋ? ಸೂಜಿ ಕೆಳಗಿಂದು ಹೇಳ್ತೈತೆ. ಇವ್ರು ಮ್ಯಾಲಿಂದು ಅನ್ಕಂಡಾರೆ. ಹೇಳ್ರಿ ಆ ಹುಡುಗಿಗೆ, ಸಮ್ಮೇಳನಕ್ಕೆ ಹೋಗೋಕೆ ಮುಂಚೆ."

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಕಾಟ್ರಿನ್ ಕೇಳಿದಳು: "ಅವರು ಏನು ಹೇಳುತ್ತಿದ್ದಾರೆ?"

ನಾನು ಹೇಳಿದೆ: "ಬಿಲ್ಲೆಗಳು ಬಹಳ ಸುಂದರವಾಗಿವೆ ಅನ್ನುತ್ತಿದ್ದಾರೆ."

ಅವಳ ಮುಖ ಅರಳಿತು. ಈರಣ್ಣನವರ ಕಡೆ ತಿರುಗಿ "ಥ್ಯಾಂಕ್ಸ್" ಎಂದಳು. ಈರಣ್ಣನವರು ಬಿಲ್ಲೆಗಳನ್ನು ಬಟ್ಟೆಯ ಮೇಲೆ, ಇದ್ದ ಜಾಗದಲ್ಲೇ ಇಟ್ಟರು.

ಕೊನೆಯ ವಾರ

ದಿನಚರಿಯಲ್ಲಿ ಹೆಚ್ಚು ಬರೆದಿಲ್ಲ. ಈರಣ್ಣನವರು ನನ್ನನ್ನು ಕರೆಯುವುದು ಕಡಿಮೆಯಾಯಿತು. ಮೇಸ್ತ್ರಿಯ ಜೊತೆ ಬೆರಳು ಮಡಿಚಿ, ಚಿತ್ರ ಬರೆದು ಮಾತಾಡುತ್ತಿದ್ದರು. ಫ್ರೌ ಲೇಮಾನ್ ಅವರಿಗೆ ಈರುಳ್ಳಿ ಹಾಕಿದ ಮಂಡಕ್ಕಿ ಕಲಸಲು ಕಲಿಸಿದ್ದೂ ಕೈಸನ್ನೆಯಲ್ಲೇ. ಭಾಷೆ ಕಿವಿಗೆ ಬೀಳುತ್ತ ಬೀಳುತ್ತ ಅವರಿಗೂ ರೂಢಿಯಾಗುತ್ತಿದೆ ಎಂದು ನಾನು ಖುಷಿಪಟ್ಟು ಬರೆದಿದ್ದೇನೆ. ಓದಿದರೆ ನಾಚಿಕೆಯಾಗುತ್ತದೆ. ಹೊರಡುವ ದಿನ ಕಾಟ್ರಿನ್ ನಿಲ್ದಾಣಕ್ಕೆ ಬಂದು ಇಬ್ಬರ ಕೈಯನ್ನೂ ಕುಲುಕಿದಳು. ಈರಣ್ಣನವರ ಕೈಯನ್ನು ತುಸು ಹೆಚ್ಚು ಹೊತ್ತು. ಮಾರನೆಯ ದಿನ ಅವಳ ಸಮ್ಮೇಳನವಿತ್ತು.

ದಾವಣಗೆರೆ

ಒಂದು ವರ್ಷದ ಮೇಲೆ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಗೆ ಅವಳ ಕಾಗದ ಬಂತು. ಸಮ್ಮೇಳನದಲ್ಲಿ ಒಬ್ಬರು ಬಿಲ್ಲೆಯನ್ನು ಕಡಿದು ನೋಡಿದ್ದೀರಾ ಎಂದು ಕೇಳಿದರಂತೆ. ಊರಿಗೆ ಬಂದು ಕಡಿಸಿ ನೋಡಿದಾಗ ಕೆಳಗಿದ್ದದ್ದು ಕಾರ್ಬೈಡ್. ವರ್ಕ್‌ಶಾಪಿನ ಡಬ್ಬಿ ಬದಲಾಗಿತ್ತು. ಹೇಳಿದ್ದನ್ನು ಬರಹದಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಕೆಲಸ ಮುಂದುವರಿಯಲಿಲ್ಲ. ಈಗ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುತ್ತಿದ್ದೇನೆ, ಕೆಲಸ ಕೆಟ್ಟದ್ದೇನಲ್ಲ ಎಂದು ಬರೆದಿದ್ದಳು. ಕೊನೆಯಲ್ಲಿ ಹೀಗಿತ್ತು:

"ನಿಮ್ಮ ಸ್ನೇಹಿತರು ಆ ಎರಡು ಬಿಲ್ಲೆಗಳನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿ ನಿಂತದ್ದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಆಮೇಲೆ ಅವರು ಬಹಳ ಹೊತ್ತು ಮಾತಾಡಿದರು. ಸುಂದರವಾಗಿವೆ ಅನ್ನಲು ಅಷ್ಟು ಮಾತು ಬೇಕೇ? ದಯವಿಟ್ಟು ತಿಳಿಸಿ, ಅವರು ಏನು ಹೇಳಿದರು?"

ಅಲ್ಲಿಯವರೆಗೆ ನಾನು ನಂಬಿಕೊಂಡಿದ್ದದ್ದು ಇದು: ಈರಣ್ಣನವರು ರೊಟ್ಟಿಯ ಬಗ್ಗೆ ಏನೋ ಅಂದರು, ನನಗೆ ಅದರ ಅರ್ಥ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ದಿನಚರಿ ತೆಗೆದೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಇತ್ತು: "ಈ. ರೊಟ್ಟಿ ಮಾತು ಎತ್ತಿದರು. ಭಾರದ ವಿಷಯ ನಿಜ, ಎಲ್ಲರೂ ಹೋದ ಮೇಲೆ ನಾನೂ ಎತ್ತಿ ನೋಡಿದೆ. ಹೇಳಲಿಲ್ಲ. ಆ ಹೊತ್ತು ಅದಕ್ಕೆ ಸರಿಯಿರಲಿಲ್ಲ. ಮಧ್ಯಾಹ್ನ ಆಲೂಗಡ್ಡೆ ಸೂಪು."

ನಾನು ಎತ್ತಿ ನೋಡಿದ್ದೆ. ಅದರ ನೆನಪು ಒಂದಿಷ್ಟೂ ಉಳಿದಿಲ್ಲ. ಈಗಲೂ ಅಂಗೈಗೆ ಆ ಭಾರ ನೆನಪಾಗುವುದಿಲ್ಲ. ಕಾಗದದ ಮೇಲಿದೆ, ಆದ್ದರಿಂದ ನಂಬುತ್ತೇನೆ. ಆಮೇಲೆ ಹತ್ತು ದಿನವಿತ್ತು. ಹತ್ತು ದಿನವೂ ನಾನು ಪ್ರಯೋಗಾಲಯದ ಮುಂದಿನ ಆ ರಸ್ತೆ ದಾಟಿದ್ದೇನೆ, ಹಸಿರು ದೀಪ ಕಾದು.

ಹರಿಹರ

ನಿವೃತ್ತರಾದ ಮೇಲೆ ಈರಣ್ಣನವರು ಬೆಳಿಗ್ಗೆ ಹರಿಹರಕ್ಕೆ ಬಂದು ಅಳಿಯನ ಲೇತ್ ಶಾಪಿನಲ್ಲಿ ಕೂರುತ್ತಾರೆ. ಒಂದು ಭಾನುವಾರ ಕಾಗದ ತೆಗೆದುಕೊಂಡು ಹೋದೆ. ಶಾಪು ಅರ್ಧ ಬಾಗಿಲು ಹಾಕಿತ್ತು.

"ಬರ್ರಿ ಮೇಷ್ಟ್ರೇ, ಕೂಡ್ರಿ. ಮುಖ ಯಾಕ ಹಿಂಗೆ ಐತೆ?"

ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ. ಆಮೇಲೆ ದಿನಚರಿಯ ಪುಟವನ್ನೂ ಓದಿದೆ, ಸೂಪಿನ ತನಕ. ಅವರು ಕೈಯೊರೆಸಿಕೊಂಡರು.

"ನೀವು ಹೇಳ್ಲಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು."

"ಹೆಂಗೆ?"

"ಯಾರೂ ನಗಲಿಲ್ಲ. ರೊಟ್ಟಿ, ಕಲ್ಲು ಅಂದ್ರೆ ಒಬ್ಬರಾದ್ರೂ ನಗಬೇಕಿತ್ತು. ಇಲ್ಲ ಆ ಹುಡುಗಿ ಸಿಟ್ಟಾಗಬೇಕಿತ್ತು. ಮುಖ ಅರಳಿಸ್ಕಂಡು ಥ್ಯಾಂಕ್ಸ್ ಅಂದ್ಲು. ತಪ್ಪು ತೋರ್ಸಿದೋರಿಗೆ ಯಾರಾದ್ರೂ ಹಂಗಂತಾರೇನ್ರಿ?"

"ನನಗೆ ನಾಚಿಕೆಯಾಯಿತು, ಈರಣ್ಣನವರೇ. ಅಷ್ಟು ದೊಡ್ಡ ಮಾತಾಡಿ ಆಮೇಲೆ ರೊಟ್ಟಿ ಅಂತ ಹೆಂಗೆ ಹೇಳಲಿ ಅನ್ನಿಸಿತು. ಹೇಳಿದ್ದರೂ ಅವರು ಕೇಳುತ್ತಿದ್ದರೋ ಇಲ್ಲವೋ."

"ಕೇಳೋದು ಬಿಡೋದು ಅವರ ಪಾಲಿಂದು. ಹೇಳೋದು ನಿಮ್ಮ ಪಾಲಿಂದಿತ್ತು." ಬೆರಳನ್ನು ತಮ್ಮತ್ತ ತಿರುಗಿಸಿದರು. "ನಂದೂ ಐತೆ. ಒಂದು ತಕ್ಕಡಿ ತರ್ಸಿ ತೂಗಿ ತೋರ್ಸಿದ್ರೆ ಆಗ್ತಿತ್ತು. ಅದಕ್ಕೆ ಭಾಷೆ ಯಾಕ ಬೇಕು? ಆದ್ರೆ ಸಿಟ್ಟು ಬಂತು. ಈ ಮೇಷ್ಟ್ರು ಮುಚ್ಚಿಟ್ರಲ್ಲ, ಇವ್ರೇ ಅನುಭವಿಸ್ಲಿ ಅಂತ ಬಿಟ್ಟೆ. ಅನುಭವಿಸಿದ್ದು ಅವ್ಳು."

ಹೊರಗೆ ಬಸ್ಸಿನವನು ದಾವಣಗೆರೆ, ದಾವಣಗೆರೆ ಎಂದು ಕೂಗುತ್ತಿದ್ದ.

"ಬರೀರಿ ಈಗ" ಎಂದರು. "ಇಲ್ಲೇ ಕುಂತು ಬರೀರಿ. ನಾನು ಏನಂದೆ ಅಂತ ಬರೀರಿ. ನೀವು ಹೇಳ್ಲಿಲ್ಲ ಅಂತ ಬರೀರಿ. ನಾನೂ ಸುಮ್ನಾದೆ ಅಂತ್ಲೂ ಬರೀರಿ."

ಎಣ್ಣೆ ಮೆತ್ತಿದ ಬೆಂಚಿನ ಮೇಲೆ ಪತ್ರಿಕೆ ಹಾಸಿ ಬರೆದೆ. ರೊಟ್ಟಿಯ ಮಾತು ಜರ್ಮನ್‌ನಲ್ಲಿ ಒಂದೂವರೆ ಸಾಲಿಗೆ ಮುಗಿಯಿತು. ಫ್ರೌ ಲೇಮಾನ್ ಅವರ ಮೇಜಿನ ಮೇಲೆ ದಿನವೂ ರೊಟ್ಟಿ ಇದ್ದ ಊರು ಅದು. ಯಾವ ಪದಕ್ಕೂ ತಡಕಾಡಬೇಕಾಗಲಿಲ್ಲ. ನಾನು ಹೇಳಲಿಲ್ಲ ಎಂಬ ಎರಡನೆಯ ಮಾತಿಗೆ ಮೂರು ಹಾಳೆ ಹರಿದೆ. "ಸರಿಯಾಗಿ ಕೇಳಿಸಲಿಲ್ಲ" ಎಂದು ಒಂದರಲ್ಲಿ, "ಅರ್ಥವಾಗಲಿಲ್ಲ" ಎಂದು ಇನ್ನೊಂದರಲ್ಲಿ ಕೈ ತಾನಾಗಿ ಬರೆದುಬಿಟ್ಟಿತು.

ಮುಗಿದ ಮೇಲೆ ಈರಣ್ಣನವರು, "ಈಗ ಕನ್ನಡದಾಗೆ ಓದ್ರಿ" ಎಂದರು.

ಓದಿದೆ.

"ಪೂರ್ತಿ ಓದಿದ್ರೇನು?"

"ಪೂರ್ತಿ."

ಹಾಳೆಯನ್ನು ಕೈಗೆ ತೆಗೆದುಕೊಂಡು, ಒಂದಕ್ಷರವೂ ತಿಳಿಯದ ಆ ಸಾಲುಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. ಅವರು ಲಕೋಟೆ ಅಂಟಿಸಿ, ನನ್ನ ಕೈಗೆ ಕೊಡದೆ, ಚಪ್ಪಲಿ ಮೆಟ್ಟಿ ಅಂಚೆ ಡಬ್ಬಿಯ ಕಡೆ ತಾವೇ ನಡೆದರು.